ಚಾರ್ಜ್ ಅಂದ್ರೆ ಯಾವ ಚಾರ್ಜ್?

ಮಂಗಳೂರಿನ ಯಾವುದೇ ದಿನದ ಪೇಪರ್ ಬಿಡಿಸಿ ನೋಡಿ. ಒಂದು ಕಡೆ ಯಾವುದೋ ಪ್ರಕರಣದ ಚಾರ್ಜ್‌ಶೀಟ್ ಸಲ್ಲಿಕೆಯಾಗಿರುತ್ತದೆ. ಇನ್ನೊಂದು ಕಡೆ ಪ್ರತಿಭಟನೆ, ಲಾಠಿ ಚಾರ್ಜ್. ಒಳಪುಟದಲ್ಲಿ ಇನ್‌ಚಾರ್ಜ್ ಮಿನಿಸ್ಟರ್ ಸಭೆ, ಎಲೆಕ್ಟ್ರಿಕ್ ವಾಹನಗಳ ಚಾರ್ಜಿಂಗ್ ಸ್ಟೇಷನ್, ಕರೆಂಟ್ ಬಿಲ್ಲಿನ ಫಿಕ್ಸೆಡ್ ಚಾರ್ಜ್, ಆಸ್ಪತ್ರೆಯಿಂದ ಗಣ್ಯರೊಬ್ಬರ ಡಿಸ್ಚಾರ್ಜ್. ಪದ ಒಂದೇ, ಸುದ್ದಿ ಆರು.

ಇದು ಇಂಗ್ಲಿಷ್ ಪದ ಅನ್ನೋದನ್ನೇ ನಾವು ಮರೆತಿದ್ದೇವೆ. "ಬಸ್ ಚಾರ್ಜ್ ಎಷ್ಟಾಯ್ತು?", "ಮೊಬೈಲಲ್ಲಿ ಚಾರ್ಜ್ ಇಲ್ಲ", "ಹೊಸ ಎಸ್ಐ ಚಾರ್ಜ್ ತಗೊಂಡ್ರು" ಎಂದು ದಿನಾ ಹೇಳುತ್ತೇವೆ. ಸಂದರ್ಭ ನೋಡಿ ಅರ್ಥ ಹಿಡಿಯುತ್ತೇವೆ. ಮಾತುಕತೆಗೆ ಅಷ್ಟು ಸಾಕು.

ಆದರೆ ಕೆಲವು ಕಡೆ ಅಷ್ಟು ಸಾಲದು. 2024ರ ಜುಲೈ 1ರಂದು ದೇಶದಲ್ಲಿ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ಚಾರ್ಜ್‌ಶೀಟ್, ಚಾರ್ಜ್ ಫ್ರೇಮ್, ಡಿಸ್ಚಾರ್ಜ್ ಎಂಬ ಮಾತುಗಳು ಸುದ್ದಿಯಲ್ಲಿ ಜಾಸ್ತಿ ಕೇಳಿಸುತ್ತಿವೆ. ಚಾರ್ಜ್‌ಶೀಟ್ ಬಿತ್ತು ಅಂದ ಕೂಡಲೇ ತಪ್ಪು ಸಾಬೀತಾಯಿತು ಎಂದು ತಿಳಿಯುವವರು ಬಹಳ ಮಂದಿ. ಜಾಗ ಕೊಳ್ಳುವಾಗ "ಇದರ ಮೇಲೆ ಚಾರ್ಜ್ ಇದೆ" ಎಂದು ವಕೀಲರು ಹೇಳಿದರೆ, ಏನೋ ಫೀಸು ಕಟ್ಟಬೇಕಿರಬಹುದು ಅಂದುಕೊಳ್ಳುವವರೂ ಇದ್ದಾರೆ. ಇಂಥ ಕಡೆ ಅರ್ಥ ತಪ್ಪಿದರೆ ಒಬ್ಬರ ಮಾನ ಹೋಗಬಹುದು, ಇನ್ನೊಬ್ಬರ ದುಡ್ಡು ಹೋಗಬಹುದು. ಹಾಗಾಗಿ ಈ ಪದವನ್ನು ಬುಡದಿಂದಲೇ ನೋಡೋಣ.

ಬುಡದಲ್ಲಿ ಇರುವುದು ಒಂದು ಗಾಡಿ

ಮಂಗಳೂರಿನ ರಥಬೀದಿಗೆ ಕಾರ್ ಸ್ಟ್ರೀಟ್ ಅಂತಲೂ ಹೆಸರು. ಉಡುಪಿಯಲ್ಲೂ ಹಾಗೇ ಕರೆಯುತ್ತಾರೆ. ಹೊಸಬರಿಗೆ ಆಶ್ಚರ್ಯ, ಕಾರಿಗೂ ದೇವಸ್ಥಾನದ ಬೀದಿಗೂ ಏನು ಸಂಬಂಧ ಅಂತ. ಹಳೆಯ ಇಂಗ್ಲಿಷಿನಲ್ಲಿ ಕಾರ್ ಅಂದರೆ ಗಾಡಿ, ರಥ. ಮೋಟಾರು ಹುಟ್ಟುವ ಎಷ್ಟೋ ಶತಮಾನ ಮೊದಲೇ ಆ ಪದ ಇತ್ತು. ತೇರು ಎಳೆಯುವ ಬೀದಿಗೆ ಆ ಹೆಸರು ಹಾಗೆ ಬಂತು.

ಈ ಕಾರ್ ಬಂದದ್ದು ಲ್ಯಾಟಿನ್ ಭಾಷೆಯ 'ಕರ್ರುಸ್' ಎಂಬ ಪದದಿಂದ. ಅದರ ಅರ್ಥ ಸಾಮಾನು ಸಾಗಿಸುವ ಗಾಡಿ. ಗಾಡಿಗೆ ಸಾಮಾನು ಹೇರುವ ಕೆಲಸಕ್ಕೆ ನಂತರದ ಲ್ಯಾಟಿನ್‌ನಲ್ಲಿ 'ಕರ್ರಿಕಾರೆ' ಎಂಬ ಕ್ರಿಯಾಪದ ಬಂತು. ಅದು ಫ್ರೆಂಚರ ಬಾಯಲ್ಲಿ ಸವೆದು, ಸುಮಾರು 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಚಾರ್ಜ್ ಆಗಿ ಬಂತು. ಮೊದಲ ಅರ್ಥ ಇಷ್ಟೇ: ಹೊರೆ ಹೊರಿಸು. ನಾಮಪದವಾದರೆ, ಹೊರೆ.

ಇದೇ ಬೇರಿನಿಂದ ಇನ್ನೂ ಕೆಲವು ಪದಗಳು ಹುಟ್ಟಿವೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಕಾರ್ಗೋ, ಅಂದರೆ ಹಡಗಿನ ಸರಕು, ಸ್ಪ್ಯಾನಿಷ್ ದಾರಿಯಾಗಿ ಬಂದದ್ದು. ಕ್ಯಾರಿ ಬ್ಯಾಗಿನ ಕ್ಯಾರಿ ಕೂಡ ಅದೇ ಮನೆಯದು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಇಟಲಿಯಿಂದ ಬಂತು. ಮುಖದ ಒಂದು ಗುಣದ ಮೇಲೆ ಹೊರೆ ಹೇರಿ ದೊಡ್ಡದು ಮಾಡಿ ತೋರಿಸುವುದು ಅಂತ ಅದರ ಅರ್ಥ.

ಈಗ ಕನ್ನಡದ ಕಡೆ ತಿರುಗಿ. ಆರೋಪ ಹೊರಿಸಿದರು, ಜವಾಬ್ದಾರಿ ಹೊರಿಸಿದರು, ತೆರಿಗೆ ಹೊರೆ ಜಾಸ್ತಿಯಾಯಿತು, ಸಾಲದ ಹೊರೆ ಬಿತ್ತು. ಕೋರ್ಟು, ಕಚೇರಿ, ಕಂದಾಯ, ಸಾಲ ಎಲ್ಲಕ್ಕೂ ನಾವು ಬಳಸುವುದು ಅದೇ ಹೊರೆಯನ್ನೇ! ಇಂಗ್ಲಿಷರಿಂದ ಕಲಿತು ಹೇಳಿದ್ದೇನೂ ಅಲ್ಲ. ಮನುಷ್ಯನ ತಲೆ ಎರಡೂ ಕಡೆ ಒಂದೇ ದಾರಿಯಲ್ಲಿ ಓಡಿದೆ. ನನಗೆ ಈ ಪದದ ಬಗ್ಗೆ ಬಹಳ ಇಷ್ಟವಾದ ಸಂಗತಿ ಇದು. ಚಾರ್ಜ್ ಎಂಬುದರ ಬೀಗದ ಕೈ ನಮ್ಮ ಭಾಷೆಯಲ್ಲೇ ಇದೆ. ಎಲ್ಲಿ ಚಾರ್ಜ್ ಅಂತ ಕೇಳಿದರೂ ಮನಸ್ಸಿನಲ್ಲೇ ಕೇಳಿಕೊಳ್ಳಿ, ಇಲ್ಲಿ ಹೊರೆ ಯಾವುದು, ಯಾರ ಮೇಲೆ ಬಿತ್ತು?

ದುಡ್ಡಿನ ಹೊರೆ

ಬಸ್ ಚಾರ್ಜಿನಲ್ಲಿ ಹೊರೆ ದುಡ್ಡು, ಹೊರುವವರು ಪ್ರಯಾಣಿಕರು. ಇಂಗ್ಲೆಂಡಿನವರು ಬಸ್ಸಿಗೆ ಚಾರ್ಜ್ ಅನ್ನುವುದಿಲ್ಲ, ಫೇರ್ ಅನ್ನುತ್ತಾರೆ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಸಿಟಿ ಬಸ್ ಹತ್ತುವ ನಮಗೆ ಮಾತ್ರ ಅದು ಚಾರ್ಜೇ. ತಪ್ಪೇನಿಲ್ಲ, ಪದ ಈ ಊರಿಗೆ ಹೊಂದಿಕೊಂಡಿದೆ ಅಷ್ಟೆ.

ಇದಕ್ಕಿಂತ ಗಮನ ಕೊಡಬೇಕಾದ್ದು ಕರೆಂಟ್ ಬಿಲ್. ದಕ್ಷಿಣ ಕನ್ನಡ, ಉಡುಪಿಗೆ ವಿದ್ಯುತ್ ಕೊಡುವುದು ಮೆಸ್ಕಾಂ. ಅದರ ಬಿಲ್ಲಿನಲ್ಲಿ ಎರಡು ಮುಖ್ಯ ಚಾರ್ಜ್ ಇರುತ್ತವೆ. ಒಂದು ನಿಗದಿತ ಶುಲ್ಕ, ಅಂದರೆ ಫಿಕ್ಸೆಡ್ ಚಾರ್ಜ್. ಇನ್ನೊಂದು ವಿದ್ಯುತ್ ಶುಲ್ಕ, ಅಂದರೆ ಎನರ್ಜಿ ಚಾರ್ಜ್. ಎರಡನೆಯದು ಸುಲಭ. ಎಷ್ಟು ಯೂನಿಟ್ ಉರಿಸಿದಿರೋ ಅಷ್ಟಕ್ಕೆ ದುಡ್ಡು. ಒಂದು ಯೂನಿಟ್ ಅಂದರೆ 1,000 ವಾಟಿನ ಉಪಕರಣ ಒಂದು ಗಂಟೆ ಓಡಿದರೆ ಆಗುವ ಖರ್ಚು.

ನಿಗದಿತ ಶುಲ್ಕ ಮನೆಗೆ ಬೀಗ ಹಾಕಿ ಮುಂಬೈಗೆ ಹೋದರೂ ಬರುತ್ತದೆ. ಯಾಕೆ? ನಿಮ್ಮ ಮನೆ ತನಕ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಹಾಕಿಟ್ಟಿರುವ ಖರ್ಚು ನೀವು ಫ್ಯಾನ್ ಹಾಕಿದರೂ ಹಾಕದಿದ್ದರೂ ಇದ್ದೇ ಇರುತ್ತದೆ. ನೀವು ಯಾವಾಗ ಸ್ವಿಚ್ ಒತ್ತಿದರೂ ಕರೆಂಟ್ ಸಿಗುವಂತೆ ಕಾದಿಟ್ಟ ಸಾಮರ್ಥ್ಯಕ್ಕೆ ಕೊಡುವ ಬೆಲೆ ಅದು. ಮನೆಗೆ ಎಷ್ಟು ಕಿಲೋವಾಟ್ ಮಂಜೂರಾಗಿದೆ ಎಂಬುದರ ಮೇಲೆ ಅದನ್ನು ಲೆಕ್ಕ ಹಾಕುತ್ತಾರೆ. ಆ ಮಂಜೂರಾತಿಗೆ ಇಂಗ್ಲಿಷಿನಲ್ಲಿ ಹೇಳುವುದು ಸ್ಯಾಂಕ್ಷನ್ಡ್ ಲೋಡ್. ಲೋಡ್ ಅಂದರೂ ಹೊರೆಯೇ. ಎಸಿ, ಗೀಸರ್ ಅಂತ ಲೋಡ್ ಜಾಸ್ತಿ ಮಾಡಿಸಿಕೊಂಡರೆ ನಿಗದಿತ ಶುಲ್ಕವೂ ಏರುತ್ತದೆ. ಈ ದರಗಳನ್ನು ಮೆಸ್ಕಾಂ ತಾನೇ ಇಟ್ಟುಕೊಳ್ಳುವಂತಿಲ್ಲ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗ್ರಾಹಕರ ಅಹವಾಲನ್ನೂ ಕೇಳಿ ತೀರ್ಮಾನಿಸುತ್ತದೆ.

ಸರ್‌ಚಾರ್ಜ್ ಅಂತ ಬರೆದಿದ್ದರೆ ಹೊರೆಯ ಮೇಲೆ ಇನ್ನೊಂದು ಹೊರೆ ಅಂತ ಓದಿಕೊಳ್ಳಿ. ಇರುವ ದರದ ಮೇಲೆ ಯಾವುದೋ ಒಂದು ಕಾರಣಕ್ಕೆ ಸೇರಿಸುವ ಮೊತ್ತ ಅದು.

ಹೋಟೆಲ್ ಬಿಲ್ಲಿನ ಸರ್ವಿಸ್ ಚಾರ್ಜ್ ಬೇರೆಯೇ ವಿಷಯ. ಅದನ್ನು ಸರ್ವಿಸ್ ಟ್ಯಾಕ್ಸ್ ಅಂತ ತಿಳಿದು ಸುಮ್ನೆ ಕೊಟ್ಟು ಬರುವವರಿದ್ದಾರೆ. ಬಿಲ್ಲಿನಲ್ಲಿರುವ ಜಿಎಸ್‌ಟಿ ತೆರಿಗೆ, ಅದು ಸರ್ಕಾರಕ್ಕೆ ಹೋಗುತ್ತದೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರು ಇಟ್ಟುಕೊಳ್ಳುವ ದುಡ್ಡು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಮ್ಮ ಬೀದಿಯ ಬನ್ಸ್, ಗೋಳಿಬಜೆ ಹೋಟೆಲುಗಳಲ್ಲಿ ಇದರ ತಂಟೆ ಇರುವುದಿಲ್ಲ. ದೊಡ್ಡ ರೆಸ್ಟೋರೆಂಟುಗಳಲ್ಲಿ ಬಿಲ್ಲನ್ನು ಒಮ್ಮೆ ಕೆಳಗಿನ ತನಕ ಓದಿ. ಆ ಸಾಲು ಇದ್ದರೆ ತೆಗೆಯಲು ಕೇಳಬಹುದು.

ಹೊಣೆಯ ಹೊರೆ

ಅಧಿಕಾರಿ ಚಾರ್ಜ್ ತಗೊಂಡರು ಅಂದರೆ ಕೆಲಸದ ಹೊರೆಯನ್ನು ಹೆಗಲಿಗೆ ಏರಿಸಿಕೊಂಡರು. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಪ್ರಭಾರ ಎಂಬ ಪದ ಇದೆ. ಅದರೊಳಗೇ ಭಾರ ಕೂತಿದೆ.

ಇಲ್ಲಿ ಒಂದು ಸಣ್ಣ ವ್ಯತ್ಯಾಸ ತಿಳಿದಿರಬೇಕು. ಪ್ರಭಾರ ಮುಖ್ಯೋಪಾಧ್ಯಾಯರು ಅಂದರೆ ಕಾಯಂ ಮುಖ್ಯೋಪಾಧ್ಯಾಯರು ಇಲ್ಲದಾಗ ಆ ಕೆಲಸ ನೋಡಿಕೊಳ್ಳುವವರು. ಹೆಚ್ಚುವರಿ ಪ್ರಭಾರ ಅಂದರೆ ತನ್ನ ಕೆಲಸದ ಜೊತೆಗೆ ಇನ್ನೊಬ್ಬರ ಕುರ್ಚಿಯ ಕೆಲಸವನ್ನೂ ಮಾಡುವುದು. ಆದರೆ ಜಿಲ್ಲಾ ಇನ್‌ಚಾರ್ಜ್ ಮಿನಿಸ್ಟರ್ ಹಂಗಾಮಿ ಅಲ್ಲ. ಅವರು ತಮ್ಮ ಖಾತೆಯ ಜೊತೆಗೆ ಒಂದು ಜಿಲ್ಲೆಯ ಉಸ್ತುವಾರಿ ನೋಡುವ ಸಚಿವರು. ಅದಕ್ಕೇ ಕನ್ನಡದಲ್ಲಿ ಪ್ರಭಾರ ಅನ್ನದೆ ಉಸ್ತುವಾರಿ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಕನ್ನಡದಲ್ಲಿ ಎರಡು. ಈ ಜಾಗದಲ್ಲಿ ಕನ್ನಡವೇ ಹೆಚ್ಚು ನಿಖರ.

ಚಾರ್ಜ್ ಹಸ್ತಾಂತರ ಅಂದರೆ ಏನು ಎಂದು ಕಣ್ಣಾರೆ ನೋಡಬೇಕಾದರೆ ಉಡುಪಿಯ ಪರ್ಯಾಯಕ್ಕೆ ಬನ್ನಿ. ಕೃಷ್ಣಮಠದ ಪೂಜೆ ಮತ್ತು ಆಡಳಿತ ಅಷ್ಟಮಠಗಳ ನಡುವೆ ಸರದಿಯಲ್ಲಿ ಸಾಗುತ್ತದೆ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಒಬ್ಬ ಯತಿಗಳಿಂದ ಇನ್ನೊಬ್ಬರಿಗೆ ಹೊಣೆ ಹೋಗುತ್ತದೆ. ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೈ ಕೈಯಿಂದ ಕೈಗೆ ಬರುತ್ತವೆ. ಅಕ್ಷಯಪಾತ್ರೆ, ಸಟ್ಟುಗ ಅಂದರೆ ಬಂದವರಿಗೆ ಅನ್ನ ಹಾಕುವ ಹೊಣೆ, ಬೀಗದ ಕೈ ಅಂದರೆ ಇರುವುದನ್ನು ಕಾಯುವ ಹೊಣೆ. ಸರ್ಕಾರಿ ಕಚೇರಿಯಲ್ಲೂ ಹೋಗುವವರು, ಬರುವವರು ಕಡತ ಮತ್ತು ವಸ್ತುಗಳ ಪಟ್ಟಿಗೆ ಸಹಿ ಹಾಕಿಯೇ ಪ್ರಭಾರ ಬದಲಾಗುವುದು.

ಪೊಲೀಸ್ ಠಾಣೆಯಿಂದ ಕೋರ್ಟಿನ ತನಕ

ಜಾಸ್ತಿ ಗೊಂದಲ ಇರುವುದು ಇಲ್ಲೇ. ಇಲ್ಲಿ ಚಾರ್ಜ್ ಅಂದರೆ ಆರೋಪ. ಆದರೆ ಆ ಆರೋಪ ಒಂದೇ ದಿನ, ಒಬ್ಬರೇ ಹೊರಿಸುವುದಲ್ಲ. ಬೇರೆ ಬೇರೆ ಹಂತದಲ್ಲಿ, ಬೇರೆ ಬೇರೆಯವರು ಹೊರಿಸುತ್ತಾರೆ.

ಮೊದಲು ಬರುವುದು ಎಫ್ಐಆರ್. ಅಪರಾಧ ನಡೆದಿದೆ ಎಂಬ ಮಾಹಿತಿಯನ್ನು ಪೊಲೀಸರು ದಾಖಲಿಸಿಕೊಂಡರು, ಅಷ್ಟೇ ಅದರ ಅರ್ಥ. ಎಫ್ಐಆರ್‌ನಲ್ಲಿ ಆರೋಪಿಯ ಹೆಸರು ಇರಲೇಬೇಕು ಅಂತಿಲ್ಲ. ಅಪರಿಚಿತರು ಅಂತಲೂ ಇರಬಹುದು.

ಆಮೇಲೆ ತನಿಖೆ. ಸಾಕ್ಷಿಗಳ ಹೇಳಿಕೆ, ಮಹಜರು, ಪ್ರಯೋಗಾಲಯದ ವರದಿ ಎಲ್ಲ ಒಟ್ಟಾಗುತ್ತದೆ. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಒಂದು ವರದಿ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಇದರ ಬಗ್ಗೆ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 173ನೇ ಸೆಕ್ಷನ್ ಆಗಿತ್ತು. ಪುರಾವೆ ಸಾಕಷ್ಟಿದೆ ಎಂದು ಪೊಲೀಸರಿಗೆ ಅನಿಸಿದರೆ ಆ ವರದಿಯೇ ಚಾರ್ಜ್‌ಶೀಟ್, ಕನ್ನಡದಲ್ಲಿ ದೋಷಾರೋಪ ಪಟ್ಟಿ. ಪುರಾವೆ ಇಲ್ಲ ಎನಿಸಿದರೆ ಪ್ರಕರಣ ಮುಗಿಸಲು ಕೇಳುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ ಬಿ ರಿಪೋರ್ಟ್ ಎಂದು ಹೆಸರು.

ಅಂದರೆ ಚಾರ್ಜ್‌ಶೀಟ್ ಪೊಲೀಸರ ಅಭಿಪ್ರಾಯ. ಅದರಲ್ಲಿ ಯಾರ ಮೇಲೆ ಏನು ಆರೋಪ, ಯಾರು ಸಾಕ್ಷಿ, ಯಾವ ದಾಖಲೆ ಎಂದು ಇರುತ್ತದೆ. ಕೋರ್ಟು ಇನ್ನೂ ಏನೂ ತೀರ್ಮಾನ ಮಾಡಿರುವುದಿಲ್ಲ. ನೂರಾರು ಪುಟದ ಚಾರ್ಜ್‌ಶೀಟ್ ಎಂದು ಟಿವಿಯಲ್ಲಿ ಜೋರಾಗಿ ಹೇಳಿದ ಕೂಡಲೇ ಅಪರಾಧ ದೊಡ್ಡದಾಗುವುದಿಲ್ಲ. ಸಾಕ್ಷಿಗಳು ಜಾಸ್ತಿ ಇದ್ದರೆ ಪುಟವೂ ಜಾಸ್ತಿಯಾಗುತ್ತದೆ.

ಚಾರ್ಜ್‌ಶೀಟ್ ಸಲ್ಲಿಸುವುದಕ್ಕೆ 60 ದಿನ, 90 ದಿನ ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ಆರೋಪಿ ಬಂಧನದಲ್ಲಿ ಇದ್ದಾಗ ಈ ಲೆಕ್ಕ ಮುಖ್ಯ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕೂ ಹೆಚ್ಚಿನ ಜೈಲು ಶಿಕ್ಷೆ ಆಗಬಹುದಾದ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಕೇಳಿ ಪಡೆಯುವ ಹಕ್ಕು ಇದೆ. ಕೆಲವು ವಿಶೇಷ ಕಾನೂನುಗಳಲ್ಲಿ ಅವಧಿ ಇನ್ನೂ ಉದ್ದ. ಹೀಗೆ ಸಿಕ್ಕ ಜಾಮೀನನ್ನು ನೋಡಿ, ಕೋರ್ಟು ಅವನನ್ನು ನಿರ್ದೋಷಿ ಅಂದಿತು ಎಂದು ತಿಳಿಯಬಾರದು. ತನಿಖೆ ಮುಗಿಸದೆ ಒಬ್ಬರನ್ನು ಕೂಡಿಹಾಕಿಕೊಂಡೇ ಇರಬಾರದು ಎಂಬುದಷ್ಟೇ ಇದರ ಹಿಂದಿನ ಕಾರಣ.

ಇನ್ನು ಚಾರ್ಜ್ ಫ್ರೇಮ್. ಇದು ಕೋರ್ಟಿನ ಕೆಲಸ. ನ್ಯಾಯಾಧೀಶರು ಚಾರ್ಜ್‌ಶೀಟ್ ಓದಿ, ಎರಡೂ ಕಡೆಯ ವಕೀಲರ ಮಾತು ಕೇಳಿ, ವಿಚಾರಣೆ ನಡೆಸಲು ಕಾರಣ ಇದೆಯೇ ಎಂದು ನೋಡುತ್ತಾರೆ. ಇದೆ ಅನಿಸಿದರೆ ಯಾವ ಯಾವ ಸೆಕ್ಷನ್ ಅಡಿ ವಿಚಾರಣೆ ಎಂದು ಬರೆದು, ಆರೋಪಿಗೆ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಇದೇ ದೋಷಾರೋಪ ಹೊರಿಸುವುದು. ಪೊಲೀಸರು ಹಾಕಿದ ಸೆಕ್ಷನ್‌ಗಳಲ್ಲಿ ಕೆಲವನ್ನು ಕೋರ್ಟು ಬಿಡಬಹುದು, ಬೇರೆ ಸೇರಿಸಬಹುದು. ಮೊದಲ ವಾದ ಆಲಿಸಿದ ದಿನದಿಂದ 60 ದಿನದೊಳಗೆ ಈ ಕೆಲಸ ಆಗಬೇಕು ಎಂದು ಹೊಸ ಸಂಹಿತೆ ಹೇಳುತ್ತದೆ.

ಕಾರಣ ಇಲ್ಲ ಅನಿಸಿದರೆ ಆರೋಪಿಯನ್ನು ಡಿಸ್ಚಾರ್ಜ್ ಮಾಡುತ್ತಾರೆ. ವಿಚಾರಣೆ ಶುರುವಾಗುವ ಮೊದಲೇ ಹೊರೆ ಇಳಿಯಿತು. ವಿಚಾರಣೆ ಪೂರ್ತಿ ನಡೆದು, ಸಾಕ್ಷಿಗಳನ್ನು ಕೇಳಿ, ಆಮೇಲೆ ತಪ್ಪು ಸಾಬೀತಾಗಿಲ್ಲ ಎಂದರೆ ಅದು ಖುಲಾಸೆ. ಪೇಪರಿನಲ್ಲಿ ಎರಡಕ್ಕೂ ಬಿಡುಗಡೆ ಎಂದು ಬರೆದುಬಿಡುವುದುಂಟು. ಕಾನೂನಿನ ಕಣ್ಣಿನಲ್ಲಿ ಎರಡೂ ಬೇರೆ. ಖುಲಾಸೆ ಆದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ. ಡಿಸ್ಚಾರ್ಜ್ ಆದವರ ವಿಷಯದಲ್ಲಿ ಹೊಸ ಪುರಾವೆ ಸಿಕ್ಕರೆ ಬಾಗಿಲು ಮುಚ್ಚಿಹೋಗಿರುವುದಿಲ್ಲ.

ಆಫೀಸಿನಲ್ಲೂ ಚಾರ್ಜ್‌ಶೀಟ್ ಕೊಡುತ್ತಾರೆ. ನೌಕರನ ಮೇಲೆ ಇಲಾಖಾ ವಿಚಾರಣೆಗೆ ಕೊಡುವ ಆರೋಪಗಳ ಪಟ್ಟಿ ಅದು. ಅದಕ್ಕೂ ಪೊಲೀಸ್ ಕೇಸಿಗೂ ಸಂಬಂಧ ಇರಲೇಬೇಕಿಲ್ಲ.

ಲಾಠಿ ಚಾರ್ಜ್

ಇಲ್ಲಿ ಚಾರ್ಜ್ ಅಂದರೆ ಮುನ್ನುಗ್ಗಿ ಮೇಲೆ ಬೀಳುವುದು. 16ನೇ ಶತಮಾನದ ಯುದ್ಧಗಳ ಕಾಲದಲ್ಲಿ ಈ ಅರ್ಥ ಬಂತು. ಆಯುಧಕ್ಕೆ ಮದ್ದು ತುಂಬಿ ಎದುರಾಳಿಯತ್ತ ನುಗ್ಗುವುದರಿಂದ ಬಂದಿರಬಹುದು ಎಂದು ಪದಗಳ ಇತಿಹಾಸ ತಿಳಿದವರ ಊಹೆ. ಕುದುರೆ ಸೈನ್ಯ ಒಟ್ಟಾಗಿ ನುಗ್ಗಿದರೆ ಅದು ಚಾರ್ಜ್. ಬ್ರಿಟಿಷರ ಕಾಲದಲ್ಲಿ ಪೊಲೀಸರ ಕೈಯ ಲಾಠಿ ಅದಕ್ಕೆ ಸೇರಿಕೊಂಡಿತು.

ಕಾನೂನಿನ ಪುಸ್ತಕದಲ್ಲಿ ಈ ಬಗ್ಗೆ ಹೇಳುವ ಸೆಕ್ಷನ್ ಸುರಕ್ಷಾ ಸಂಹಿತೆಯ 148. ಗುಂಪನ್ನು ಚದುರಲು ಮೊದಲು ಆದೇಶ ಕೊಡಬೇಕು, ಚದುರದಿದ್ದರೆ ಬಲ ಬಳಸಬಹುದು ಎಂದು ಅದು ಹೇಳುತ್ತದೆ. ಆದೇಶ ಕೊಡುವ ಅಧಿಕಾರ ಇರುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ, ಠಾಣೆಯ ಇನ್‌ಚಾರ್ಜ್ ಅಧಿಕಾರಿಗೆ, ಅವರಿಲ್ಲದಿದ್ದರೆ ಎಸ್ಐ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿಗೆ. ಚಾರ್ಜ್ ತಗೊಂಡವರೇ ಚಾರ್ಜ್‌ಗೆ ಆದೇಶ ಕೊಡಬೇಕು. ಒಂದೇ ಸಂದರ್ಭದಲ್ಲಿ ಪದದ ಎರಡು ಅರ್ಥ ಎದುರಾಬದುರು ನಿಂತಿವೆ ನೋಡಿ.

ಜಾಗದ ಮೇಲಿನ ಹೊರೆ

ಪುತ್ತೂರು, ಬೆಳ್ತಂಗಡಿ, ಕಾರ್ಕಳ ಕಡೆ ತೋಟದ ಮೇಲೆ ಸೊಸೈಟಿ ಸಾಲ ಇಲ್ಲದ ಮನೆ ಕಡಿಮೆ. ಸಾಲ ಕೊಟ್ಟವರ ಹಕ್ಕು ಆ ಜಾಗದ ಮೇಲೆ ಕೂತಿದ್ದರೆ ಕಾನೂನಿನ ಮಾತಿನಲ್ಲಿ ಅದು ಚಾರ್ಜ್. ಜಾಗ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅಡಿಕೆ ಕೊಯ್ಯುವವರೂ ನೀವೇ. ಆದರೆ ಸಾಲ ತೀರದಿದ್ದರೆ ಆ ಜಾಗದಿಂದ ವಸೂಲು ಮಾಡುವ ಹಕ್ಕು ಅವರಿಗೆ ಇರುತ್ತದೆ. ಅಡಮಾನವೂ ಇದರ ಹತ್ತಿರದ ನೆಂಟ. ಅಡಮಾನದಲ್ಲಿ ಜಾಗದ ಮೇಲಿನ ಒಂದು ಹಕ್ಕನ್ನೇ ಸಾಲಗಾರ ಬರೆದುಕೊಡುತ್ತಾನೆ. ಚಾರ್ಜಿನಲ್ಲಿ ಹಾಗೆ ಬರೆದುಕೊಡದೆಯೇ ಜಾಗ ಭದ್ರತೆಯಾಗಿ ನಿಲ್ಲುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಇದನ್ನು ಹೇಳುತ್ತದೆ.

ಇದಕ್ಕೆ ಸಂಬಂಧಿಸಿದ ಕಾಗದದ ಹೆಸರು ಋಣಭಾರ ಪತ್ರ. ನಾವೆಲ್ಲ ಇಸಿ ಅನ್ನುವುದು ಅದನ್ನೇ. ಇಲ್ಲೂ ಭಾರ. ಉತ್ತರ ಕರ್ನಾಟಕದ ರೈತರು ಪಹಣಿಯಲ್ಲಿರುವ ಸಾಲದ ನಮೂದಿಗೆ ಬೋಜಾ ಅನ್ನುತ್ತಾರೆ, ಅದೂ ಹೊರೆಯೇ. ಜಾಗ ಕೊಳ್ಳುವವರು ಇಸಿಯ ಜೊತೆಗೆ ಪಹಣಿಯ 11ನೇ ಕಾಲಮ್ಮನ್ನೂ ನೋಡಬೇಕು. ಹಕ್ಕು ಮತ್ತು ಋಣಗಳ ವಿವರ ಅಲ್ಲಿರುತ್ತದೆ. ಚಾರ್ಜ್ ಇರುವ ಜಾಗವನ್ನು ತಿಳಿದು ಕೊಂಡರೆ ಆ ಹೊರೆಯೂ ಜಾಗದ ಜೊತೆಗೇ ಬರುತ್ತದೆ. ಸಾಲ ತೀರಿಸಿದವರಿಗೂ ಒಂದು ಮಾತು. ಕೊನೆಯ ಕಂತು ಕಟ್ಟಿದ ಕೂಡಲೇ ಪಹಣಿಯ ನಮೂದು ಹೋಗಿದೆ ಎಂದು ನಂಬಿ ಕೂರಬೇಡಿ. ಬಾಕಿ ಇಲ್ಲ ಎಂಬ ಪತ್ರ ತಗೊಂಡು, ನಮೂದು ತೆಗೆದಿದ್ದಾರೆಯೇ ಎಂದು ಹೊಸ ಪಹಣಿ ತೆಗೆಸಿ ನೋಡಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಇದೇ ಅರ್ಥದ ಇನ್ನೊಂದು ಬಳಕೆ ಎದುರಾಗುತ್ತದೆ. ಸಂವಿಧಾನದ 112ನೇ ವಿಧಿಯಲ್ಲಿ ಕೆಲವು ಖರ್ಚುಗಳು ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ, ಮೇಲೆ ಚಾರ್ಜ್ ಆಗಿವೆ ಎಂದಿದೆ. ರಾಷ್ಟ್ರಪತಿಯ ವೇತನ, ಸುಪ್ರೀಂ ಕೋರ್ಟ್ ನ್ಯಾಯಾಧೀಶರ ವೇತನ ಅಂಥವು. ಅವುಗಳ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ನಿಧಿಯ ಮೇಲೆ ಮೊದಲೇ ಕೂತ ಹೊರೆ ಅದು.

ಕೋವಿಯಿಂದ ಬ್ಯಾಟರಿಗೆ

ಮೊಬೈಲಿನ ಚಾರ್ಜಿಗೂ ಗಾಡಿಯ ಹೊರೆಗೂ ಏನು ನಂಟು? ನಡುವೆ ಒಂದು ಕೋವಿ ಇದೆ.

ಬೆಳೆ ಕಾಯಲು ಲೈಸೆನ್ಸ್ ಇಟ್ಟುಕೊಂಡವರ ಮನೆಯ ಹಳೆಯ ಕೇಪಿನ ಕೋವಿ ನೆನಪಿಸಿಕೊಳ್ಳಿ. ನಳಿಗೆಗೆ ಮದ್ದು ತುಂಬಿ, ಒತ್ತಿ, ಸಿದ್ಧ ಮಾಡಬೇಕು. ಹಾಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ಚಾರ್ಜ್ ಅನ್ನುತ್ತಿದ್ದರು, ಹೊಡೆದರೆ ಡಿಸ್ಚಾರ್ಜ್. 1745-46ರಲ್ಲಿ ಯುರೋಪಿನಲ್ಲಿ ಲೈಡನ್ ಜಾಡಿ ಎಂಬ ಗಾಜಿನ ಪಾತ್ರೆ ತಯಾರಾಯಿತು. ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರಲ್ಲಿ ಹಿಡಿದಿಡಬಹುದಿತ್ತು, ಮುಟ್ಟಿದರೆ ಒಮ್ಮೆಗೇ ಹೊಡೆಯುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1747ರಿಂದ ಇದರ ಮೇಲೆ ಪ್ರಯೋಗ ಮಾಡಿದರು. ಜಾಡಿಗೆ ವಿದ್ಯುತ್ ತುಂಬುವುದಕ್ಕೂ ಅವರು ಚಾರ್ಜ್ ಎಂದೇ ಬರೆದರು. ಹಲವು ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಬ್ಯಾಟರಿ ಎಂದರು. ಬ್ಯಾಟರಿ ಅಂದರೆ ಆಗ ಫಿರಂಗಿಗಳ ಸಾಲು! ಪಾಸಿಟಿವ್, ನೆಗೆಟಿವ್ ಎಂಬ ಹೆಸರುಗಳನ್ನು ವಿದ್ಯುತ್ತಿಗೆ ತಂದವರೂ ಅವರೇ.

ಇಲ್ಲಿಂದ ಪದ ಎರಡು ಕವಲಾಯಿತು. ವಿಜ್ಞಾನದಲ್ಲಿ ಚಾರ್ಜ್ ಅಂದರೆ ಕಣಗಳಿಗೆ ಇರುವ ಒಂದು ಗುಣ. ಎಲೆಕ್ಟ್ರಾನಿಗೆ ನೆಗೆಟಿವ್, ಪ್ರೋಟಾನಿಗೆ ಪಾಸಿಟಿವ್. ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಇದಕ್ಕೆ ಆವೇಶ ಎಂದಿದೆ. ದೈವದ ಕೋಲ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಆವೇಶ ಅಂದರೆ ಮೊದಲು ನೆನಪಾಗುವುದು ಬೇರೆ. ಮೇಷ್ಟ್ರುಗಳು ಒಮ್ಮೆ ಬಿಡಿಸಿ ಹೇಳಿದರೆ ಒಳ್ಳೆಯದು. ಎಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಬರುವ ಗುಡುಗು ಮೋಡದಲ್ಲಿ ಐಸ್ ಕಣಗಳು ಒಂದಕ್ಕೊಂದು ಉಜ್ಜಿ ಆವೇಶ ಬೇರೆಯಾಗುತ್ತದೆ. ಸಾಮಾನ್ಯವಾಗಿ ಮೋಡದ ಕೆಳಭಾಗದಲ್ಲಿ ನೆಗೆಟಿವ್ ಸೇರುತ್ತದೆ. ಅದು ನೆಲಕ್ಕೆ ಹರಿದಾಗ ಸಿಡಿಲು.

ಇನ್ನೊಂದು ಕವಲು ಬ್ಯಾಟರಿ ಚಾರ್ಜ್ ಮಾಡುವುದು. ಪ್ಲಗ್ಗಿನಿಂದ ಎಲೆಕ್ಟ್ರಾನುಗಳು ಬಂದು ಬ್ಯಾಟರಿಯೊಳಗೆ ತುಂಬುತ್ತವೆ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಹಾಗಲ್ಲ. ಬ್ಯಾಟರಿಯ ಒಂದು ತುದಿಯಿಂದ ಎಷ್ಟು ಹೊರಗೆ ಹೋಗುತ್ತವೋ ಇನ್ನೊಂದು ತುದಿಗೆ ಅಷ್ಟೇ ಬರುತ್ತವೆ. ಬಾವಿ ನೀರನ್ನು ಪಂಪ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸುತ್ತೇವಲ್ಲ, ಇದೂ ಹಾಗೇ. ನೀರು ಹೊಸದಾಗಿ ಹುಟ್ಟುವುದಿಲ್ಲ, ಎತ್ತರಕ್ಕೆ ಹೋಗುತ್ತದೆ. ನಲ್ಲಿ ಬಿಟ್ಟರೆ ಇಳಿಯುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು, ಅಂದರೆ ಆವೇಶ ಇರುವ ಕಣಗಳು, ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಕೂರುತ್ತವೆ. ಫೋನ್ ಬಳಸುವಾಗ ವಾಪಸ್ ಬರುತ್ತವೆ. ಶೇಖರವಾಗುವುದು ಶಕ್ತಿ.

ಪೆಟ್ಟಿಗೆಯ ಮೇಲೆ 5,000 ಎಂಎಎಚ್ ಎಂದು ಇದ್ದರೆ, 5 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ಎಂದರ್ಥ. ಯೂನಿಟ್ ಲೆಕ್ಕದಲ್ಲಿ ಇದು ತೀರಾ ಕಮ್ಮಿ. ನಷ್ಟ ಸೇರಿಸಿದರೂ ಒಂದು ಯೂನಿಟ್ ಕರೆಂಟಿನಲ್ಲಿ ಅಂಥ ಫೋನನ್ನು ಸುಮಾರು 40 ಸಲ ಪೂರ್ತಿ ಚಾರ್ಜ್ ಮಾಡಬಹುದು. ಎಲೆಕ್ಟ್ರಿಕ್ ಕಾರಿನದು ಬೇರೆ ಕಥೆ. 30 ಕಿಲೋವಾಟ್ ಅವರ್ ಬ್ಯಾಟರಿ ತುಂಬಲು 30 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿಯೇ ಬೇಕು, ಯಾಕೆಂದರೆ ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಮನೆಯಲ್ಲೇ ಚಾರ್ಜರ್ ಹಾಕಿಸುವವರು ಮಂಜೂರಾದ ಲೋಡ್ ಸಾಕಾಗುತ್ತದೆಯೇ ಎಂದು ಮೊದಲು ನೋಡಬೇಕು. ಅಂದಹಾಗೆ, ಕಾರು, ಚಾರ್ಜ್ ಎರಡೂ ಅದೇ ಕರ್ರುಸ್ ಗಾಡಿಯಿಂದ ಇಳಿದ ಪದಗಳು. ಎಂಟುನೂರು ವರ್ಷದ ಸುತ್ತಾಟದ ನಂತರ ಎರಡೂ ಒಂದೇ ಪ್ಲಗ್ಗಿನಲ್ಲಿ ಸೇರಿವೆ.

ಇಳಿಸುವುದು, ಮತ್ತೆ ತುಂಬುವುದು

ಡಿಸ್ಚಾರ್ಜ್ ಅಂದರೆ ಹೊರೆ ಇಳಿಸುವುದು. ರೋಗಿ ಆಸ್ಪತ್ರೆಯ ಹೊಣೆಯಿಂದ ಹೊರಗೆ ಬಂದರೆ ಡಿಸ್ಚಾರ್ಜ್. ಆಗ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಬಿಲ್ಲಿಗಿಂತ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ಅದೇ ಬೇಕಾಗುತ್ತದೆ. ನೇತ್ರಾವತಿ ತುಂಬಿ ತುಂಬೆ ಅಣೆಕಟ್ಟಿನ ಗೇಟು ತೆಗೆದಾಗಲೂ ಡಿಸ್ಚಾರ್ಜ್ ಇಷ್ಟು ಕ್ಯುಸೆಕ್ ಅನ್ನುತ್ತಾರೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್.

ರೀಚಾರ್ಜ್ ಮತ್ತೆ ತುಂಬುವುದು. ಮೊಬೈಲ್ ರೀಚಾರ್ಜ್ ಮಾಡಿದರೆ ಬ್ಯಾಟರಿಗೆ ಏನೂ ಆಗುವುದಿಲ್ಲ, ತುಂಬುವುದು ಖಾತೆ. ನಮ್ಮ ಕರಾವಳಿಗೆ ಇದಕ್ಕಿಂತ ದೊಡ್ಡ ರೀಚಾರ್ಜ್ ಅಂತರ್ಜಲದ್ದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆದರೂ ಎಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಇಳಿಜಾರಿನ ಕಡೆಗೆ ಬಿಟ್ಟುಕೊಡುತ್ತದೆ. ಗುಡ್ಡದ ಮೇಲೆ ಹಿರಿಯರು ಮದಕಗಳನ್ನು ಕಟ್ಟಿ ಮಳೆ ನೀರನ್ನು ನಿಲ್ಲಿಸಿ ಇಂಗಿಸುತ್ತಿದ್ದದ್ದು ಇದಕ್ಕೇ.

ಮನೆಯ ಮಟ್ಟದಲ್ಲೂ ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಅಡಿಯ ಮಾಡಿನ ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್‌ಗೂ ಹೆಚ್ಚು ಬೀಳುತ್ತದೆ. ಮೊದಲ ಒಂದೆರಡು ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ, ಇದ್ದಿಲು, ಮರಳಿನ ಮೂಲಕ ಸೋಸಿ ಬಾವಿಗೆ ಬಿಡಬಹುದು. ಉಳ್ಳಾಲ, ಮಲ್ಪೆಯಂಥ ಕಡಲ ಬದಿಯ ಊರುಗಳಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಸಿಹಿನೀರನ್ನು ಜಾಸ್ತಿ ಎತ್ತಿದರೆ ಸಮುದ್ರದ ಉಪ್ಪುನೀರು ನೆಲದಡಿಯಲ್ಲಿ ಒಳಗೆ ಬರುತ್ತದೆ. ಇಂಗಿದ ಮಳೆನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ.